ನಾದ

ಇನ್ನೂರಾ ನಲವತ್ತು ರೂಪಾಯಿ. ಅಷ್ಟ.
ಹಳೇ ರೇಡಿಯೋದ ಗುಂಡಿ ಒಂದು,
ಕೆನಿ ಬಣ್ಣದ್ದು, ಅಂಚಿಗೆ ಹಿತ್ತಾಳಿ ಗೆರಿ.
ಕೊಂಡಾಂವ ಜಾಲಂಧರದಾಂವ.
ಅವರಪ್ಪನ ರೇಡಿಯೋಕ್ಕ ಅದೊಂದ ಕಮ್ಮಿ ಇತ್ತಂತ.

ಮಂಗಳವಾರ ರೊಕ್ಕ ಬಂತು.
ಬುಧವಾರ ಗುಂಡಿ ಹೋತು,
ಅಳ್ಳಿಯೊಳಗ ಸುತ್ತಿ, ಬೆಂಕಿಪೊಟ್ಣದಾಗ ಕುಂತು.
ಶುಕ್ರವಾರ ದುರ್ಗದಬೈಲಿನಾಗ
ಕೊತ್ತಂಬ್ರಿ ಸಿವುಡು ಚೀಲಕ್ಕ ಹಾಕ್ಕೊಂಡು ಫೋನು ಹಿಡದ್ರ
ಕೆಂಪು ಅಕ್ಷರ:
ನಿಮ್ಮ ಖಾತೆಯ ವಹಿವಾಟುಗಳನ್ನು
ತಾತ್ಕಾಲಿಕವಾಗಿ ನಿರ್ಬಂಧಿಸಲಾಗಿದೆ.
ಇಂಥಾ ಶುದ್ಧ ಕನ್ನಡ ನನ್ನ ಜೋಡಿ ಯಾರೂ ಮಾತಾಡಿದ್ದಿಲ್ಲ,
ನಮ್ಮ ಪಾದ್ರಿ ಬಿಟ್ರ.
ಹುಸೇನವ್ವ ಸಿವುಡು ಹೊಳ್ಳಿ ತಗೊಳ್ಳಿಲ್ಲ.
ನಾಳೆ ಕೊಡ್ರಿ, ಅಂದ್ಲು.

ಬ್ಯಾಂಕಿನ ಹುಡುಗಿ ಪರದೆ ನನ್ನ ಕಡೆ ತಿರುಗಿಸಿದ್ಲು.
ಯಾರೋ ಯಾರಿಗೋ ಮೋಸ ಮಾಡ್ಯಾರಂತ.
ಆ ರೊಕ್ಕ ಏಳು ಖಾತೆ ದಾಟಿ
ಒಂದು ಹನಿ ನಿಮ್ಮಲ್ಲಿ ಸಿಡದೈತ್ರಿ.
ಒಂದು ಹನಿಗೆ ಇಡೀ ಕೊಡಕ್ಕ ಬೀಗ ಏನವಾ?
ಅಂದೆ. ಆಕಿ ನಗಲಿಲ್ಲ.
ಮ್ಯಾಲಿಂದ ಬಂದೈತ್ರಿ, ಅಂದ್ಲು.
ನಾ ಮ್ಯಾಲೆ ನೋಡಿದೆ.
ಫ್ಯಾನ್ ಇತ್ತು.

ಪಿಂಚಣಿ ಅದರಾಗ. ಗ್ಯಾಸಿನ ರೊಕ್ಕ ಅದರಾಗ.
ಎಸ್ತೇರಳ ಕಣ್ಣಿಗೆ ಬಿಡೂ ಔಷಧದ್ದು ಅದರಾಗ.
ಗುಂಡಿ ಮಾರಿ ಬಂದದ್ದು, ಮೂರು ವರ್ಷದ್ದು ಕೂಡಿಸಿದ್ರ,
ಹನ್ನೊಂದು ಸಾವಿರ ಚಿಲ್ಲರ.

ಅರ್ಜಿ ತುಂಬ್ರಿ, ಅಂದ್ರು.
ವ್ಯಾಪಾರದ ಸ್ವರೂಪ? ಅಂಗಡಿಯ ವಿಳಾಸ?
ಅಂಗಡಿ ಇಲ್ರಿ. ಅಡಗಿಮನಿ ಕಿಡಕಿ ಐತಿ.
ಅಚ್ಚು ಒಣಗೂದು ಅಲ್ಲೇ, ಹಪ್ಪಳದ ಬಾಜೂಕ.
ಮೂವತ್ನಾಕು ವರ್ಷ ರೈಲ್ವೆ ವರ್ಕ್‌ಶಾಪಿನಾಗ
ಲೇಥಿನ ಮುಂದ ನಿಂತ ಕೈ ಇವು,
ಸುಮ್ಮ ಕುಂದ್ರಂಗಿಲ್ಲ, ಅದಕ್ಕ.
ಹಂಗೆಲ್ಲ ಬರಿಯಾಕ ಬರಂಗಿಲ್ರಿ.
ಒಂದ ಶಬ್ದದಾಗ ಬರೀರಿ.

ನಾದ, ಅಂತ ಬರದೆ.
ನಮ್ಮ ಕಡೆ ಹಂಗ ಅಂತಾರ.
ಪಾರಿವಾಳದ ನಾದ, ಇಸ್ಪೀಟಿನ ನಾದ,
ಅಂವಗ ಅದರ ನಾದ ಹತ್ತೈತಿ, ಬಿಡು.
ಬೆಂಗಳೂರಿನ ಸಾಹೇಬ್ರು ಓದಿ
ಸಂಗೀತ ಅಂದ್ಕೊಂಡಾರು.
ಅಂದ್ಕೊಳ್ಳಲಿ. ಅದೂ ಪೂರಾ ಸುಳ್ಳಲ್ಲ.

ಓಣಿ ಮೂಲಿ ಚಾದಂಗಡ್ಯಾಗ ಡಬ್ಬಿ ಒದರತೈತಿ:
ಹತ್ತು ರೂಪಾಯಿ ಸ್ವೀಕರಿಸಲಾಗಿದೆ.
ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ.
ಮುಂಜಾನಿಂದ ಸಂಜೀತನಕ
ಎಲ್ಲಾರನ್ನೂ ಸ್ವೀಕರಿಸತೈತಿ.
ನಾ ಉದ್ರಿ ಚಾ ಕುಡದು
ಆ ದನಿಯೊಳಗ ಖರ್ರಂತ ಸೀಳು ಐತೇನಂತ ಕೇಳ್ತೀನಿ.
ಸ್ಪೀಕರು ಸಸ್ತಾದ್ದು.

ರಾತ್ರಿ ನಿದ್ದಿ ಬರದಿದ್ರ
ಆ ಹನಿ ಬಂದ ದಾರಿ ಹಿಡದು ಹಿಂದಕ್ಕ ಹೊಕ್ಕೀನಿ.
ಏಳು ಬಾಗಿಲ ದಾಟಿದ್ರ ಅಲ್ಲಿ ಒಬ್ಬಾಕಿ ಇರಬೇಕು,
ಫೋನು ತೊಡಿ ಮ್ಯಾಲೆ ಬೋರಲ ಹಾಕಿ ಕುಂತಾಕಿ,
ಮಗಳಿಗೆ ಇನ್ನೂ ಹೇಳಿಲ್ಲದಾಕಿ.
ಯಾವುದೋ ಠಾಣೆದ ಹಾಳ್ಯಾಗ
ಆಕಿ ಕಳಕೊಂಡದ್ದರ ಕೆಳಗ, ಹನ್ನೆರಡನೇ ಸಾಲಿಗೆ,
ಬೆಂಗೇರಿ ಸಾಲೋಮನ್, ಹುಬ್ಬಳ್ಳಿ.
ತಾಯೀ, ನಿನ್ನ ಇನ್ನೂರಾ ನಲವತ್ತು
ನನ್ನಲ್ಲಿ ಇದ್ದಂಗ ಅದಾವ. ಮುಟ್ಟಿಲ್ಲ.
ಮುಟ್ಟಾಕ ಬರಂಗೂ ಇಲ್ಲ.

ನಿನ್ನೆ ಜಾಲಂಧರದಿಂದ ಒಂದು ದನಿ ಬಂತು,
ಹನ್ನೆರಡು ಸೆಕೆಂಡಿಂದು. ಮಾತಿಲ್ಲ.
ಗರಗರ, ಸುಯ್ಯ್,
ಆಮ್ಯಾಲೆ ಯಾರೋ ಹೆಣ್ಣಮಗಳು
ತಿಳೀದ ಭಾಷಾದಾಗ ಪ್ಯಾಟಿ ಧಾರಣಿ ಓದಿದಂಗ.
ಅಂವ ಕಳ್ಳ ಆಗಿದ್ರ ಇದನ್ನ ಯಾಕ ಕಳಸ್ತಿದ್ದ?
ಕಳ್ಳರ ಅಪ್ಪಗಳೂ ರೇಡಿಯೋ ಕೇಳಿರತಾರ.
ಗೊತ್ತಾಗವಲ್ತು.

ನಾಕು ಸಲ ಕಿವಿಗೆ ಹಚ್ಚಿ ಕೇಳಿದೆ.
ಏನಂತ? ಅಂದ್ಲು ಎಸ್ತೇರ್, ಒಳಗಿಂದ.
ಬಿಗಿ ಕುಂತೈತಿ, ಅಂದೆ,
ಅಲುಗಾಡವಲ್ತು.